ಹುಣಸೆ ತೋಪಿನ ಕಪ್ಪು ಬಿಳುಪು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ನಲ್ಲೂರು ಎಂಬ ಊರಿದೆ. ಅಲ್ಲಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 50ಕ್ಕೂ ಹೆಚ್ಚು ಎಕರೆಯ ತುಂಬ ಮುದಿ ಹುಣಸೆಗಳು. ಕೆಲವಕ್ಕೆ ಬೊಡ್ಡೆಯೆಲ್ಲ ಟೊಳ್ಳು. ಆದರೂ ಮೇಲೆ ಹಸಿರು ಚಿಗುರು. ಮರಗಳನ್ನು ಕಪ್ಪು ಬಿಳುಪಿನಲ್ಲಿ ಸೆರೆಹಿಡಿಯಲು ಕಲಿಯುವವರನ್ನು ನಾನು ಮೊದಲು ಕಳುಹಿಸುವುದು ಅಲ್ಲಿಗೇ.

ಅಲ್ಲಿ ಮೊದಲು ಎದುರಾಗುವುದು ನಿರಾಸೆ. ಕಣ್ಣಿಗೆ ಕೆಮ್ಮಣ್ಣು ಬೇರೆ, ಹಸಿರೆಲೆ ಬೇರೆ. ಬಣ್ಣ ತೆಗೆದುಬಿಟ್ಟರೆ ಎರಡೂ ಒಂದೇ ಬೂದು. ಹಿಂದಿನ ಮರದ ಕೊಂಬೆ ಮುಂದಿನ ಮರದ ಕಾಂಡಕ್ಕೆ ಅಂಟಿಕೊಂಡು, ಯಾವುದು ಯಾರದೆಂದು ತಿಳಿಯುವುದಿಲ್ಲ. ಆದ್ದರಿಂದ ನಾನು ಒತ್ತಿ ಹೇಳುವುದಿಷ್ಟು: ಮರವನ್ನು ಆರಿಸಿಕೊಳ್ಳುವ ಮೊದಲು ಅದರ ಹಿಂದೇನಿದೆಯೆಂದು ನೋಡಿ. ಹುಣಸೆಯ ತೊಗಟೆ ಕಪ್ಪಗಿರುತ್ತದೆ, ಆಳವಾಗಿ ಸೀಳಿರುತ್ತದೆ. ಅದಕ್ಕೆ ಬೆನ್ನ ಹಿಂದೆ ಬೆಳಕು ಬೇಕು. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಸಾಲದಿದ್ದರೆ ನೆಲಕ್ಕೆ ಕುಳಿತುಬಿಡಿ. ಕ್ಯಾಮೆರಾ ಕೆಳಗಿಳಿದಂತೆ ಹಿಂದಿನ ಪೊದೆ, ಬೇಲಿಗಳೂ ಕೆಳಗಿಳಿಯುತ್ತವೆ. ಕಾಂಡ ಆಕಾಶಕ್ಕೆ ಎದುರಾಗಿ ತಾನೇ ತಾನಾಗಿ ನಿಲ್ಲುತ್ತದೆ.

ಚಳಿಗಾಲದ ಬೆಳಗಿನಲ್ಲಿ ಈ ಕೆಲಸವನ್ನು ಮಂಜೇ ಮಾಡಿಕೊಡುತ್ತದೆ. ಸಮೀಪದ ವಿಮಾನ ನಿಲ್ದಾಣದಲ್ಲಿ ವಿಮಾನಗಳನ್ನು ತಡೆದು ನಿಲ್ಲಿಸುವ ಮಂಜು ಛಾಯಾಗ್ರಾಹಕನಿಗೆ ದೊಡ್ಡ ಉಪಕಾರಿ. ಎದುರಿನ ಮರ ಕಪ್ಪು, ಅದರಾಚೆಯದು ಬೂದು, ಇನ್ನೂ ಆಚೆಯದು ಬಿಳುಪಿನಲ್ಲಿ ಕರಗಿದ ಬರಿಯ ಗೆರೆ. ಬಣ್ಣವಿಲ್ಲದ ಚಿತ್ರಕ್ಕೆ ಆಳ ಬರುವುದು ಹೀಗೆ. ಮಂಜು ಹರಿದ ಮೇಲೆ ಓರೆ ಬಿಸಿಲು ತೊಗಟೆಯ ಒಂದೊಂದು ಸೀಳನ್ನೂ ಎತ್ತಿ ತೋರಿಸುತ್ತದೆ. ನಡುಹಗಲಿನಲ್ಲಿ ಎಲೆಗಳ ನಡುವಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಸುರಿದು ಎಲ್ಲವನ್ನೂ ಕಲಸಿಬಿಡುತ್ತದೆ. ಆಗ ನೆರಳಲ್ಲಿ ಕುಳಿತಿರುವುದೇ ಮೇಲು.

ಇನ್ನು ಆಕಾಶ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಮೆರಾದೊಳಗೆ ಚಿತ್ರ ಮೂಡಿಸುತ್ತಿದ್ದ ಗಾಜಿನ ಫಲಕಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು. ಹಾಗಾಗಿ ಆಕಾಶ ಬರಿಯ ಬಿಳಿ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಪ್ರಿಂಟಿನಲ್ಲಿ ಕೂಡಿಸಿದರು. 1927ರ ಏಪ್ರಿಲ್‌ನಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ, ಅಂದರೆ ಲೆನ್ಸಿನ ಮುಂದೆ ಹಳದಿ ಗಾಜಿಟ್ಟು, ತೆಗೆದರು. ಮನಸ್ಸಿನಲ್ಲಿದ್ದ ಗಾಂಭೀರ್ಯ ಅದರಲ್ಲಿ ಬರಲಾರದೆನಿಸಿ, ಗಾಢ ಕೆಂಪು ಫಿಲ್ಟರ್ ಹಾಕಿ ಮತ್ತೊಂದು ಫಲಕ ತೆಗೆದರು. ಕೆಂಪು ಗಾಜು ನೀಲಿಯನ್ನು ತಡೆಯಿತು. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು.

ಬಂಡೆಗೆ ಒಪ್ಪಿದ್ದು ಮರಕ್ಕೂ ಒಪ್ಪುತ್ತದೆ ಎನ್ನುವಂತಿಲ್ಲ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಕೆಂಪು ಫಿಲ್ಟರಿನಲ್ಲಿ ಎಲೆಯೂ ಕಪ್ಪಾಗುತ್ತದೆ. ಎಲೆಗೆ ಹಳದಿ ಹಸಿರು ಫಿಲ್ಟರೇ ಸರಿ. ಈಗ ಬಣ್ಣದಲ್ಲೇ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಬಣ್ಣದ ತೀವ್ರತೆಯನ್ನೂ ಹೊಂದಿಸಿ ಕಪ್ಪು ಬಿಳುಪಿಗೆ ತರಬಹುದು. ಎಲೆ ಬೆಳಗಬೇಕಿದ್ದರೆ ಹಸಿರಿಗಿಂತ ಮೊದಲು ಹಳದಿಯನ್ನು ಏರಿಸಿ ನೋಡಿ. ನಮ್ಮ ಕಣ್ಣಿಗೆ ಹಸಿರೆನಿಸುವ ಎಲೆಯಲ್ಲಿ ಹಳದಿಯ ಪಾಲು ದೊಡ್ಡದು. ಆಕಾಶ ಕಪ್ಪಾಗಲೆಂದು ನೀಲಿಯನ್ನು ಇಳಿಸುವಾಗ ಮಾತ್ರ ಕೈ ಬಿಗಿಯಿರಲಿ. ಹುಣಸೆಯ ಎಲೆ ಬಹಳ ಸಣ್ಣದು. ನೀಲಿ ಅತಿಯಾಗಿ ಇಳಿದರೆ ಎಲೆಯಂಚಿನ ಸುತ್ತ ಬಿಳಿ ಗೆರೆ ಕಟ್ಟಿಕೊಳ್ಳುತ್ತದೆ, ಆಕಾಶದಲ್ಲಿ ಮರಳು ಚೆಲ್ಲಿದಂತೆ ಕಾಳು ಕಾಣುತ್ತದೆ. ಮೊದಲ ಗೆರೆ ಕಂಡ ಕೂಡಲೇ ಸ್ವಲ್ಪ ಹಿಂದಕ್ಕೆ ತಂದು ಅಲ್ಲಿಗೇ ಬಿಟ್ಟುಬಿಡಿ.

ನಮಸ್ಕಾರ.