ಕೆಳರೆಪ್ಪೆಯ ಒಳಗಿನ ಬಣ್ಣ

ಕೇಳುಗರಿಗೆ ನಮಸ್ಕಾರ. ಬೆಳಕಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ. ಒಳಗೆ ನಸುಗೆಂಪು ಇರಬೇಕು. ಬಿಳಿಚಿಕೊಂಡಿದ್ದರೆ ಮೈಯಲ್ಲಿ ರಕ್ತ ಕಡಿಮೆ ಇರಬಹುದು. ಹೆಚ್ಚಾಗಿ ಅದು ಕಬ್ಬಿಣಾಂಶದ ಕೊರತೆ, ಗಾಬರಿ ಬೇಡ. ಅಪರೂಪಕ್ಕೆ ಮಾತ್ರ ಅದರ ಹಿಂದೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇರುತ್ತದೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ.

ಈ ಕಾಯಿಲೆಯಲ್ಲಿ, ರಕ್ತಕಣಗಳು ತಯಾರಾಗುವ ಮೂಳೆಯ ಮಜ್ಜೆಯ ತುಂಬಾ ಬಲಿಯದ ಬಿಳಿ ರಕ್ತಕಣಗಳೇ ತುಂಬಿಕೊಳ್ಳುತ್ತವೆ. ಉಳಿದ ಕಣಗಳಿಗೆ ಜಾಗವೇ ಇರುವುದಿಲ್ಲ. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ತೀರಾ ಇಳಿದರೆ ರಕ್ತ ಸೋರತೊಡಗುತ್ತದೆ. ಪೆಟ್ಟೇ ಬೀಳದೆ ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಮಚ್ಚೆ, ರೆಪ್ಪೆಯ ಸುತ್ತ ನೀಲಿಗಟ್ಟಿದ ಕಲೆ ಬರಬಹುದು. ಕೆಲವು ಮಕ್ಕಳಲ್ಲಿ ಒಂದು ಕಣ್ಣುಗುಡ್ಡೆ ಮುಂದಕ್ಕೆ ಉಬ್ಬುತ್ತದೆ. ನೆಟ್ಟಗಿದ್ದ ಕಣ್ಣು ಇದ್ದಕ್ಕಿದ್ದಂತೆ ಮೆಳ್ಳೆಯಾಗುವುದೂ ಉಂಟು.

ಇವು ನಮಗೆ ಕಾಣುವಂಥವು. ಕಣ್ಣಿನ ಒಳಗಿನದು ವೈದ್ಯರಿಗೆ ಮಾತ್ರ ಕಾಣುತ್ತದೆ. ಹನಿ ಹಾಕಿ ಪಾಪೆ ಹಿಗ್ಗಿಸಿ, ಹಿಂದಿನ ಪರದೆಯನ್ನು ನೋಡುತ್ತಾರೆ. ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಇದು! ಅಲ್ಲಿ ಸಣ್ಣ ರಕ್ತಸ್ರಾವಗಳು, ಒಮ್ಮೊಮ್ಮೆ ನಡುವೆ ಬಿಳಿ ಚುಕ್ಕೆ ಇರುವ ಕೆಂಪು ಕಲೆಗಳು ಕಾಣುತ್ತವೆ. ಅವಕ್ಕೆ ರಾಥ್ ಚುಕ್ಕೆ ಎನ್ನುತ್ತಾರೆ. ಹೃದಯದ ಕವಾಟದ ಸೋಂಕಿನಲ್ಲೂ ಇವು ಬರುವುದರಿಂದ, ಕಣ್ಣು ನೋಡಿಯೇ ಕಾಯಿಲೆ ಇದೇ ಎನ್ನಲಾಗದು. ರಕ್ತಕಣಗಳ ಎಣಿಕೆ ಆಗಲೇಬೇಕು. ಅನುಮಾನ ಬಂದರೆ ಮಜ್ಜೆಯ ಪರೀಕ್ಷೆ.

ಒಂದು ತೊಂದರೆ ಇದೆ. ಪುಟ್ಟ ಮಕ್ಕಳು 'ಮಂಜಾಗಿ ಕಾಣ್ತಿದೆ' ಅಂತ ಹೇಳುವುದಿಲ್ಲ. ಒಂದು ಕಣ್ಣಲ್ಲಿ ನೋಟ ಹೋದರೂ ಇನ್ನೊಂದರಲ್ಲಿ ಆಡಿಕೊಂಡಿರುತ್ತವೆ. ಹಾಗಾಗಿ ತಲೆ ವಾಲಿಸಿ ನೋಡುವುದು, ಒಂದು ಕಣ್ಣು ಮುಚ್ಚಿಕೊಳ್ಳುವುದು, ಎದುರಿಗಿದ್ದ ಆಟಿಕೆಗೆ ತಡಕಾಡುವುದು, ಇದನ್ನು ಸುಮ್ನೆ ಹಠ ಅಂದುಕೊಳ್ಳಬೇಡಿ. ಜೊತೆಗೆ ಬಿಡದ ಜ್ವರ, ಕಾಲುನೋವು, ಮೈಮೇಲೆ ನೀಲಿ ಕಲೆ, ವಸಡಿನಲ್ಲಿ ರಕ್ತ ಇದ್ದರೆ ಅದೇ ದಿನ ಮಕ್ಕಳ ವೈದ್ಯರ ಹತ್ತಿರ ಹೋಗಿ. ಬರೀ ಕಣ್ಣು ಕೆಂಪಾದರೆ ಅದು ಸಾಮಾನ್ಯ ಸೋಂಕೇ ಆಗಿರುತ್ತದೆ, ಬಹುಪಾಲು.

ಈಗಾಗಲೇ ಚಿಕಿತ್ಸೆಯಲ್ಲಿರುವ ಮಗುವಿನ ತಂದೆತಾಯಿಗೂ ಒಂದು ಮಾತು. ರಕ್ತದಲ್ಲಿ ಹರಿಯುವ ಕೆಲವು ಔಷಧಿಗಳು ಕಣ್ಣಿನ ಒಳಗೆ ಸಾಕಷ್ಟು ತಲುಪುವುದಿಲ್ಲ. ಕಾಯಿಲೆ ಮರುಕಳಿಸುವಾಗ ಒಮ್ಮೊಮ್ಮೆ ಮೊದಲು ಕಾಣಿಸಿಕೊಳ್ಳುವುದು ಅಲ್ಲೇ. ಕಣ್ಣು ನೋವು, ಕೆಂಪು, ಮಸುಕು ಏನೇ ಬಂದರೂ ಮುಂದಿನ ಭೇಟಿಯ ತನಕ ಕಾಯಬೇಡಿ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಅವತ್ತೇ ಫೋನ್ ಮಾಡಿ ತಿಳಿಸಿ.