ಗೋಪುರದ ಮೇಲೆ ಕೊಕ್ಕರೆ, ಊರವರ ಬಾಯಲ್ಲಿ ಗಾದೆ

ಈ ಟಕ ಟಕ ಸದ್ದು ಕೇಳಿಸುತ್ತಿದೆಯಾ? ಮೇಲೆ ನೋಡಿ, ಚರ್ಚ್ ಗೋಪುರದ ತುದಿಗೆ. ಕಡ್ಡಿ ಒಟ್ಟಿದ ಆ ದೊಡ್ಡ ಗೂಡಿನಲ್ಲಿ ಬಿಳಿ ಕೊಕ್ಕರೆ ನಿಂತಿದೆ. ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ತಲೆಯನ್ನು ಬೆನ್ನಿಗೆ ಒರಗಿಸಿ ಕೊಕ್ಕು ಬಡಿಯುತ್ತಿದೆ. ಜೋಡಿ ಗೂಡಿಗೆ ಬಂದರೆ ಸ್ವಾಗತ ಹೀಗೆಯೇ.

ಇದು ಅಲ್ಕಲಾ ದೆ ಎನಾರೆಸ್, ಸ್ಪೇನಿನ ರಾಜಧಾನಿ ಮ್ಯಾಡ್ರಿಡ್ ಪಕ್ಕದ ಊರು. ಇಲ್ಲಿಯವರ ಬಾಯಲ್ಲಿ ಒಂದು ಹಳೇ ಗಾದೆ ಇದೆ: ಸಾನ್ ಬ್ಲಾಸ್ ಹಬ್ಬಕ್ಕೆ ಕೊಕ್ಕರೆ ಕಾಣಬೇಕು, ಕಾಣದಿದ್ದರೆ ಆ ವರ್ಷ ಹಿಮ. ಹಬ್ಬ ಬರುವುದು ಫೆಬ್ರವರಿ 3ಕ್ಕೆ. ಚಳಿಗೆ ಆಫ್ರಿಕಾಕ್ಕೆ ಹೋದ ಹಕ್ಕಿ ಆ ಹೊತ್ತಿಗೆ ವಾಪಸ್ ಬರುತ್ತಿತ್ತು. ಕ್ಯಾಲೆಂಡರ್ ಓದಲು ಬಾರದ ರೈತನೂ ಆಕಾಶ ನೋಡಿ ಚಳಿಗಾಲದ ಲೆಕ್ಕ ಹಾಕುತ್ತಿದ್ದ.

ಈಗ ಕಥೆ ಬದಲಾಗಿದೆ. ಎಷ್ಟೋ ಕೊಕ್ಕರೆಗಳು ಸ್ಪೇನ್ ಬಿಟ್ಟು ಹೋಗುವುದೇ ಇಲ್ಲ. ಚಳಿ ಮೊದಲಿನಷ್ಟಿಲ್ಲ, ಊರಾಚೆ ಕಸ ಸುರಿಯುವ ಜಾಗಗಳಲ್ಲಿ ವರ್ಷಪೂರ್ತಿ ಊಟ ಸಿಗುತ್ತದೆ. ಡಿಸೆಂಬರಿನಲ್ಲೂ ಗೂಡಿನಲ್ಲಿ ಹಕ್ಕಿ ಇರುತ್ತದೆ. ಹಾಗಾದರೆ ಗಾದೆ ಸತ್ತುಹೋಯಿತಾ? ನನಗೆ ಹಾಗನ್ನಿಸುವುದಿಲ್ಲ. ಹಿಂದೆ ಹೇಗಿತ್ತು, ಈಗ ಏನು ತಪ್ಪಿದೆ ಅಂತ ತೋರಿಸುವ ಅಳತೆಗೋಲು ಈ ಗಾದೆಯೇ ಅಲ್ವಾ?

ಇಲ್ಲೇ 1547ರಲ್ಲಿ ಸೆರ್ವಾಂಟೆಸ್ ಹುಟ್ಟಿದ್ದು. ಅವನ ಡಾನ್ ಕ್ವಿಕ್ಸಾಟ್ ಕಾದಂಬರಿಯಲ್ಲಿ ನಾಯಕನ ಸೇವಕ ಸಾಂಚೊ ಪಾನ್ಸಾ ಬಾಯಿ ತೆರೆದರೆ ಗಾದೆ. ಹೊಂದಲಿ, ಹೊಂದದಿರಲಿ, ಒಂದರ ಹಿಂದೊಂದು. ಯಜಮಾನ ಡಾನ್ ಕ್ವಿಕ್ಸಾಟ್ ಸಾಕಪ್ಪಾ ನಿಲ್ಲಿಸು ಅನ್ನುತ್ತಾನೆ, ಹಾಗೆ ಅನ್ನುವಾಗಲೇ ತಾನೂ ಗಾದೆ ಬಿಡುತ್ತಾನೆ. ಸಾಂಚೊ ಬಿಡುತ್ತಾನಾ? ನನ್ನನ್ನು ಬೈಯುತ್ತಾ ನೀವೇ ಎರಡೆರಡು ಪೋಣಿಸುತ್ತೀರಲ್ಲ ಅನ್ನುತ್ತಾನೆ. ಓದು ಬಾರದ ಸಾಂಚೊಗೆ ಗಾದೆಯೇ ಆಸ್ತಿ. ಅದಕ್ಕೇ ಅವನು ನನಗೆ ತುಂಬಾ ಇಷ್ಟ. ಸ್ಪೇನಿನ ಸೆವಿಯ್ಯಾ ನಗರದಲ್ಲಿ 1508ರಲ್ಲಿ ಅಚ್ಚಾದ ಒಂದು ಹಳೇ ಗಾದೆ ಸಂಗ್ರಹದ ಹೆಸರೂ ಇದನ್ನೇ ಹೇಳುತ್ತದೆ: ಬೆಂಕಿ ಮುಂದೆ ಕೂತು ಅಜ್ಜಿಯರು ಹೇಳುವ ಗಾದೆಗಳು.

ಒಂದಕ್ಕೊಂದು ಜಗಳವಾಡುವ ಗಾದೆಗಳೂ ಇವೆ. ಬೇಗ ಎದ್ದವನಿಗೆ ದೇವರ ನೆರವು ಅನ್ನುತ್ತದೆ ಒಂದು. ಎಷ್ಟು ಬೇಗ ಎದ್ದರೂ ಬೆಳಗಾಗುವುದು ಅದರ ಹೊತ್ತಿಗೇ ಅನ್ನುತ್ತದೆ ಇನ್ನೊಂದು. ಯಾವುದು ಸರಿ? ಎರಡೂ. ಇಂಟರ್ವ್ಯೂ ಮುಗಿಸಿ ಬಂದು ನಾನು ಐದು ನಿಮಿಷಕ್ಕೊಮ್ಮೆ ಮೇಲ್ ನೋಡುತ್ತಿದ್ದಾಗ, ಪಕ್ಕದ ಮನೆಯ ಅಜ್ಜಿ ಬೀನ್ಸ್ ನಾರು ತೆಗೆಯುತ್ತಾ ಎರಡನೆಯದನ್ನು ಹೇಳಿದರು. ಒಂದು ಹಿಡಿ ಬೀನ್ಸ್ ನನ್ನ ಮುಂದೆಯೂ ಸರಿಸಿದರು. ಅವತ್ತು ಅವರು ಮೊದಲನೆಯದನ್ನು ಹೇಳಿದ್ದರೆ ನನಗೆ ಅಳು ಬರುತ್ತಿತ್ತೇನೋ. ಯಾರಿಗೆ, ಯಾವ ಹೊತ್ತಿಗೆ, ಯಾವ ಗಾದೆ ಅನ್ನೋದು ಅವರಿಗೆ ಗೊತ್ತು. ಸುಮ್ನೆ ಬಾಯಿಪಾಠ ಮಾಡಿದರೆ ಬರುವ ವಿದ್ಯೆ ಅಲ್ಲ ಅದು.

ಅದೇ ಅಜ್ಜಿ ಬೇಸಿಗೆ ಬಟ್ಟೆ ತೆಗೆಯಲು ಹೊರಟ ನನ್ನನ್ನು ತಡೆದದ್ದೂ ಉಂಟು: ಮೇ ತಿಂಗಳ ನಲವತ್ತನೇ ತಾರೀಖಿನವರೆಗೆ ಮೇಲಂಗಿ ಕಳಚಬೇಡ. ಮೇ ತಿಂಗಳಿಗೆ ನಲವತ್ತನೇ ತಾರೀಖು ಎಲ್ಲಿಂದ ಬಂತು? ಎಣಿಸಿ ನೋಡಿ, ಜೂನ್ 9. ಮ್ಯಾಡ್ರಿಡ್ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಸಮುದ್ರದಿಂದ ಬಹಳ ದೂರ. ಮೇ ಮಧ್ಯಾಹ್ನ ಸೆಕೆ, ಸಂಜೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ. ಮೇ 15 ಸಾನ್ ಇಸಿದ್ರೊ ಹಬ್ಬ. ಆತ ರೈತರ ಸಂತ, ಮ್ಯಾಡ್ರಿಡ್ ನಗರದ ಸಂತನೂ ಹೌದು. ಮಳೆ ನಿಲ್ಲಿಸಿ ಬಿಸಿಲು ಕೊಡಪ್ಪಾ ಅಂತ ಮಕ್ಕಳು ಅವನ ಮೇಲೆ ಪದ ಹೇಳುತ್ತಾರೆ.

ಆ ಹಬ್ಬಕ್ಕೆ ನೀವು ಬರುವುದಾದರೆ ಬನ್ನಿ, ಜಾತ್ರೆ ಚೆನ್ನಾಗಿರುತ್ತದೆ. ಬ್ಯಾಗಿನಲ್ಲಿ ಒಂದು ಸ್ವೆಟರ್ ಇರಲಿ, ಮಧ್ಯಾಹ್ನದ ಬಿಸಿಲು ನೋಡಿ ರೂಮಿನಲ್ಲೇ ಬಿಟ್ಟು ಹೊರಡಬೇಡಿ.