ಹನ್ನೆರಡು ಪ್ರಾಣಿಗಳ ಕಾಲಗಣನೆ

ಕೇಳುಗರಿಗೆ ನಮಸ್ಕಾರ. ಚೀನಾದಲ್ಲಿ ಹೊಸದಾಗಿ ಪರಿಚಯವಾದವರ ವಯಸ್ಸನ್ನು ನೇರವಾಗಿ ಕೇಳಲು ಸಂಕೋಚವಾದರೆ, ‘ನೀವು ಯಾವ ಪ್ರಾಣಿಗೆ ಸೇರಿದವರು?’ ಎಂದು ಕೇಳುವ ವಾಡಿಕೆಯಿದೆ. ಎದುರಿನವರು ‘ಕುದುರೆ’ ಎಂದರೆ ಸಾಕು. ಅವರು ಹುಟ್ಟಿದ್ದು 1978ರಲ್ಲೋ, 1990ರಲ್ಲೋ, 2002ರಲ್ಲೋ ಎಂಬುದನ್ನು ಮುಖ ನೋಡಿಯೇ ತೀರ್ಮಾನಿಸಬಹುದು. ಪ್ರತಿ ಹನ್ನೆರಡು ವರ್ಷಕ್ಕೊಮ್ಮೆ ಅದೇ ಪ್ರಾಣಿ ಮರಳಿ ಬರುವುದರಿಂದ ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ.

ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ: ಇದು ಆ ಹನ್ನೆರಡರ ಕ್ರಮ. ಇವನ್ನು ನಾವು ‘ಚೀನೀ ರಾಶಿ’ ಎಂದು ಕರೆಯುತ್ತೇವಾದರೂ, ಮೇಷ ವೃಷಭಗಳಂತೆ ಇವು ಆಕಾಶದ ನಕ್ಷತ್ರಪುಂಜಗಳಲ್ಲ. ನಮ್ಮ ರಾಶಿಗಳಲ್ಲಿ ಸೂರ್ಯ ಒಂದೊಂದು ತಿಂಗಳು ಸಂಚರಿಸುತ್ತಾನೆ. ಅಲ್ಲಿಯ ಪ್ರಾಣಿಗಳಾದರೋ ಇಡೀ ಒಂದೊಂದು ವರ್ಷಕ್ಕೆ ಹೆಸರಾಗಿ ನಿಲ್ಲುತ್ತವೆ. ಭವಿಷ್ಯ ಹೇಳುವ ಸಾಧನವೆಂದು ಜಗತ್ತು ಇವನ್ನು ಹೆಚ್ಚಾಗಿ ಬಲ್ಲದು. ಆದರೆ ಮೂಲದಲ್ಲಿ ಇವು ಕಾಲವನ್ನು ಎಣಿಸುವ ಗುರುತುಗಳು, ಮತ್ತು ಇವುಗಳ ನಿಜವಾದ ಸೊಗಸು ಆ ಎಣಿಕೆಯಲ್ಲೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1975ರಲ್ಲಿ ಹುಬೇ ಪ್ರಾಂತ್ಯದ ಶುಯಿಹುದಿ ಎಂಬಲ್ಲಿ, ಚಿನ್ ಸಾಮ್ರಾಜ್ಯದ ಕಾಲದ ಒಬ್ಬ ಅಧಿಕಾರಿಯ ಸಮಾಧಿಯೊಳಗೆ ಬಿದಿರಿನ ಪಟ್ಟಿಗಳ ಮೇಲೆ ಬರೆದ ಪಂಚಾಂಗದಂಥ ಗ್ರಂಥವೊಂದು ದೊರೆಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹದಲ್ಲಿ ಪ್ರಾಣಿಗಳು ಜನ್ಮವರ್ಷಕ್ಕಾಗಿ ಅಲ್ಲ, ಕಳ್ಳನನ್ನು ಪತ್ತೆ ಹಚ್ಚುವುದಕ್ಕಾಗಿ ಬರುತ್ತವೆ. ಇಲಿಯ ದಿನ ಕಳವಾದರೆ ಕಳ್ಳನ ಬಾಯಿ ಚೂಪಾಗಿರುತ್ತದೆ, ಗಡ್ಡ ವಿರಳವಾಗಿರುತ್ತದೆ, ಕೈ ಕಪ್ಪಗಿರುತ್ತದೆ, ಮುಖದ ಮೇಲೆ ಮಚ್ಚೆಯಿರುತ್ತದೆ, ಗೋಡೆಯ ಒಳಬದಿಯ ಕಸದ ಕೆಳಗೆ ಹುಡುಕಿರಿ ಎಂದು ಅದು ಹೇಳುತ್ತದೆ. ಓದುತ್ತಿದ್ದಂತೆ ಮನುಷ್ಯರೂಪದ ಇಲಿಯೇ ಕಣ್ಣಿಗೆ ಕಟ್ಟುತ್ತದೆ. ಆ ಪಟ್ಟಿಯಲ್ಲಿ ಇಂದಿನ ಕುದುರೆಯ ಸ್ಥಾನದಲ್ಲಿ ಜಿಂಕೆಯಿದೆ; ಕುದುರೆ ಅದರ ಮುಂದಿನ ಸ್ಥಾನದಲ್ಲಿದೆ. ಎಂದರೆ ಈ ಕ್ರಮ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಚಿಂತಕ ವಾಂಗ್ ಚುಂಗ್ ಅವರ ಬರಹದ ಹೊತ್ತಿಗೆ ಇಂದಿನ ಹನ್ನೆರಡೂ ಪ್ರಾಣಿಗಳು ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡಿದ್ದವು. ಚೀನೀ ಪುರಾಣಗಳಲ್ಲಿ ಸ್ವರ್ಗದ ಒಡೆಯನಾದ ಜೇಡ್ ಚಕ್ರವರ್ತಿ ಪ್ರಾಣಿಗಳಿಗೆ ಓಟದ ಪಂದ್ಯ ಏರ್ಪಡಿಸಿದನೆಂದೂ, ಇಲಿ ಎತ್ತಿನ ಬೆನ್ನೇರಿ ಬಂದು ಕೊನೆಯ ಕ್ಷಣದಲ್ಲಿ ಜಿಗಿದು ಗೆದ್ದಿತೆಂದೂ ಹೇಳುವ ಕಥೆ ಎಲ್ಲರಿಗೂ ಪ್ರಿಯವಾದುದು. ಆದರೆ ಈ ಬಿದಿರಿನ ಪಟ್ಟಿಗಳು ಹೇಳುವ ಕಥೆ ನನಗೆ ಅದಕ್ಕಿಂತ ಹೆಚ್ಚು ಆಪ್ತ.

ಇನ್ನು ಎಣಿಕೆಯ ವಿಚಾರ. ಚೀನೀಯರಲ್ಲಿ ‘ಭೂಶಾಖೆ’ಗಳೆಂಬ ಹನ್ನೆರಡು ಸಂಕೇತಗಳೂ, ‘ದಿವ್ಯಕಾಂಡ’ಗಳೆಂಬ ಹತ್ತು ಸಂಕೇತಗಳೂ ಬಹು ಪ್ರಾಚೀನ ಕಾಲದಿಂದ ಬಳಕೆಯಲ್ಲಿವೆ. ಹನ್ನೆರಡು ಶಾಖೆಗಳಿಗೆ ಹನ್ನೆರಡು ಪ್ರಾಣಿಗಳು; ಹತ್ತು ಕಾಂಡಗಳು ಎರಡೆರಡಾಗಿ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳಿಗೆ ಸೇರುತ್ತವೆ. ಹತ್ತು ಹಲ್ಲಿನ ಒಂದು ಚಕ್ರ ಮತ್ತು ಹನ್ನೆರಡು ಹಲ್ಲಿನ ಇನ್ನೊಂದು ಚಕ್ರ ಜೊತೆಯಾಗಿ ತಿರುಗಿದರೆ, ಮೊದಲು ಕೂಡಿದ ಹಲ್ಲುಗಳೆರಡು ಮತ್ತೆ ಕೂಡುವುದು ಅರವತ್ತನೆಯ ಹೆಜ್ಜೆಯ ನಂತರ. ಹೀಗೆ ಅರವತ್ತು ವರ್ಷಗಳ ಆವರ್ತವಾಗುತ್ತದೆ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಈಗ ನಡೆಯುತ್ತಿರುವ ಚೀನೀ ಆವರ್ತ 1984ರಲ್ಲಿ ಆರಂಭವಾಯಿತು. ನಮ್ಮ ಪ್ರಭವ ಬಂದದ್ದು 1987ರ ಯುಗಾದಿಗೆ. ಅವರ ಪಂಚಾಂಗದಲ್ಲೂ ಅಮಾವಾಸ್ಯೆಯಿಂದ ತಿಂಗಳು ಮೊದಲಾಗುತ್ತದೆ, ಅವರಲ್ಲೂ ಅಧಿಕಮಾಸವುಂಟು. ಆದ್ದರಿಂದಲೇ ಅವರ ಹೊಸವರ್ಷ ಜನವರಿ 21 ಮತ್ತು ಫೆಬ್ರವರಿ 20ರ ನಡುವೆ ಹಿಂದುಮುಂದಾಗುತ್ತಿರುತ್ತದೆ. 1990 ಕುದುರೆಯ ವರ್ಷವೆಂದು ಪುಸ್ತಕದಲ್ಲಿದ್ದರೂ, ಆ ಹೊಸವರ್ಷ ಬಂದದ್ದು ಜನವರಿ 27ಕ್ಕೆ. ಅದೇ ತಿಂಗಳ 15ರಂದು ಹುಟ್ಟಿದವರು ಹಾವಿನ ವರ್ಷದವರೇ ಆಗುತ್ತಾರೆ.

ತಮ್ಮದೇ ಪ್ರಾಣಿಯ ವರ್ಷ ಮರಳಿ ಬಂದಾಗ ಅದು ಶುಭವಲ್ಲವೆಂದು ನಂಬಿ, ಚೀನೀಯರು ಕೆಂಪು ಸೊಂಟಪಟ್ಟಿ, ಕೆಂಪು ಕಾಲುಚೀಲ ಧರಿಸುವುದುಂಟು. ಇದು ಯಾರಿಗೂ ಕೇಡಿಲ್ಲದ ನಂಬಿಕೆ. ಆದರೆ ನಂಬಿಕೆಯ ಭಾರ ಕೆಲವೊಮ್ಮೆ ಹುಟ್ಟದ ಮಕ್ಕಳ ಮೇಲೂ ಬೀಳುತ್ತದೆ. ಬೆಂಕಿ ತತ್ತ್ವವೂ ಕುದುರೆಯೂ ಕೂಡಿದ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನ ಆಯುಷ್ಯವನ್ನು ಕಳೆಯುತ್ತಾಳೆಂಬ ಮಾತು ಜಪಾನಿನಲ್ಲಿತ್ತು. 1965ರಲ್ಲಿ ಅಲ್ಲಿ ಸುಮಾರು 18 ಲಕ್ಷ ಮಕ್ಕಳು ಹುಟ್ಟಿದ್ದರೆ, ಬೆಂಕಿಯ ಕುದುರೆಯ ವರ್ಷವಾದ 1966ರಲ್ಲಿ ಹುಟ್ಟಿದವರು ಸುಮಾರು 13.6 ಲಕ್ಷ ಮಾತ್ರ. ಮರುವರ್ಷ ಆ ಸಂಖ್ಯೆ 19 ಲಕ್ಷ ದಾಟಿತು. ಕಾಲಕ್ಕಿಟ್ಟ ಒಂದು ಹೆಸರು ಹೆಣ್ಣುಮಕ್ಕಳ ಮೇಲೆ ಇಷ್ಟು ದೊಡ್ಡ ಭಯವನ್ನು ಹೊರಿಸಿದ್ದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಅದೇ ಜೋಡಿ ಅರವತ್ತು ವರ್ಷಗಳ ಬಳಿಕ 2026ಕ್ಕೆ ಮರಳಿದೆ.

ದೇಶದಿಂದ ದೇಶಕ್ಕೆ ಪ್ರಾಣಿಗಳೂ ಸ್ವಲ್ಪ ಬದಲಾಗುತ್ತವೆ. ವಿಯೆಟ್ನಾಮಿನಲ್ಲಿ ಮೊಲದ ಜಾಗದಲ್ಲಿ ಬೆಕ್ಕು, ಎತ್ತಿನ ಜಾಗದಲ್ಲಿ ಎಮ್ಮೆ. ಜಪಾನಿನಲ್ಲಿ ಹಂದಿಗೆ ಬದಲಾಗಿ ಕಾಡುಹಂದಿ.

ವರ್ಷಕ್ಕಷ್ಟೇ ಅಲ್ಲ, ದಿನದ ಹೊತ್ತಿಗೂ ಈ ಪ್ರಾಣಿಗಳೇ ಒಡೆಯರು. ಹಗಲಿರುಳನ್ನು ಎರಡೆರಡು ಗಂಟೆಗಳ ಹನ್ನೆರಡು ಭಾಗ ಮಾಡಿ, ರಾತ್ರಿ 11ರಿಂದ 1ರವರೆಗಿನ ಹೊತ್ತನ್ನು ಇಲಿಗೆ, ಹಗಲು 11ರಿಂದ 1ರವರೆಗಿನ ಹೊತ್ತನ್ನು ಕುದುರೆಗೆ ಕೊಟ್ಟಿದ್ದರು. ಕುದುರೆಯ ಶಾಖೆಯ ಹೆಸರು ‘ವೂ’. ಇಂದಿಗೂ ಚೀನೀ ಭಾಷೆಯಲ್ಲಿ ಪೂರ್ವಾಹ್ನವನ್ನು ‘ಶಾಂಗ್‌ವೂ’ ಎಂದೂ ಅಪರಾಹ್ನವನ್ನು ‘ಶ್ಯಾವೂ’ ಎಂದೂ ಹೇಳುವಾಗ ಆ ಹಳೆಯ ಗಡಿಯಾರವೇ ಮಾತಾಡುತ್ತದೆ.

ಆ ಗಡಿಯಾರವನ್ನು ಕಣ್ಣಿಗೆ ಕಾಣುವಂತೆ ಕಟ್ಟಿಸಿದವನು ಹದಿನೆಂಟನೆಯ ಶತಮಾನದ ಚಿಯನ್‌ಲಾಂಗ್ ಚಕ್ರವರ್ತಿ. ಬೀಜಿಂಗಿನ ಯುಆನ್‌ಮಿಂಗ್‌ಯುಆನ್ ಅರಮನೆಯ ಉದ್ಯಾನದಲ್ಲಿ, ಇಟಲಿಯ ಕಸ್ತಿಲ್ಯೋನೆ ಮತ್ತು ಫ್ರಾನ್ಸಿನ ಬೆನ್ವಾ ಎಂಬ ಜೆಸ್ವಿಟ್ ಸಂಘದ ಕ್ರೈಸ್ತ ಮಿಷನರಿಗಳ ನೆರವಿನಿಂದ, ಮನುಷ್ಯದೇಹದ ಮೇಲೆ ಕಂಚಿನ ಪ್ರಾಣಿತಲೆಗಳಿದ್ದ ಹನ್ನೆರಡು ಮೂರ್ತಿಗಳ ಕಾರಂಜಿ ಸಿದ್ಧವಾಯಿತು. ಯಾವ ಪ್ರಾಣಿಯ ಹೊತ್ತೋ ಆ ಪ್ರಾಣಿಯ ಬಾಯಿಂದ ನೀರು ಚಿಮ್ಮುತ್ತಿತ್ತು. ನಡುಹಗಲಿನಲ್ಲಿ ಹನ್ನೆರಡೂ ಬಾಯಿಗಳಿಂದ ಒಟ್ಟಿಗೆ ಚಿಮ್ಮುತ್ತಿತ್ತು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಆ ಅರಮನೆಯನ್ನು ಕೊಳ್ಳೆ ಹೊಡೆದವು, ಬ್ರಿಟಿಷರು ಅದಕ್ಕೆ ಬೆಂಕಿಯಿಟ್ಟರು. ಕಂಚಿನ ತಲೆಗಳು ಕಾಲಕ್ರಮದಲ್ಲಿ ಚೆದುರಿಹೋದವು. ಅವುಗಳಲ್ಲಿ ಏಳು ಇಂದು ಚೀನಾಕ್ಕೆ ಮರಳಿವೆ. 2020ರಲ್ಲಿ ಕುದುರೆಯ ತಲೆ ಅದೇ ಉದ್ಯಾನಕ್ಕೆ ಹಿಂದಿರುಗಿತು. ಡ್ರ್ಯಾಗನ್, ಹಾವು, ಆಡು, ಹುಂಜ, ನಾಯಿ, ಈ ಐದರ ತಲೆಗಳು ಇನ್ನೂ ಹಿಂದಿರುಗಿಲ್ಲ. ನಮಸ್ಕಾರ.